ನೆತ್ತಿ ತುಂಬಿದ ದಿನ

ಮೊದಲ ಲಕ್ಷಣ ಯಾವುದು ಎಂದು ಎಲ್ಲರೂ ಕೇಳಿದರು.

ಕಡಬದ ಕ್ಲಿನಿಕ್ಕಿನಲ್ಲಿ ಕೇಳಿದರು. ಪುತ್ತೂರಿನ ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಕೇಳಿದರು. ಎನ್‌ಐಸಿಯು ಎಂಬ ಎಳೆಗೂಸುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದಾಗ ಇನ್ನೊಬ್ಬರು ಕೇಳಿದರು. ಒಂದೊಂದು ಕಡೆ ಒಂದೊಂದು ಉತ್ತರ ಕೊಟ್ಟೆವು. ಹಾಲು ಕುಡಿಯುವುದು ಕಡಿಮೆಯಾಯಿತು ಎಂದು ನಾನು. ಅಳುವ ಸ್ವರ ಬದಲಾಯಿತು ಎಂದು ಅಮ್ಮ. ಮೈ ಬಿಸಿಯಿತ್ತು, ನಾನೇ ಮುಟ್ಟಿ ನೋಡಿದೆ ಎಂದು ನನ್ನ ಗಂಡ ಯತೀಶ. ಅವರು ಆ ಹೊತ್ತಿಗೆ ಸುಳ್ಯದಲ್ಲಿ, ತಮ್ಮ ಬ್ಯಾಟರಿ ಅಂಗಡಿಯಲ್ಲಿದ್ದರು. ಮಗುವನ್ನು ಮುಟ್ಟಿದ್ದು ನಾವು ಪುತ್ತೂರು ತಲುಪಿದ ಮೇಲೆ. ಆದರೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳುವವರ ಕಣ್ಣು ಹಾಗಿರುವುದಿಲ್ಲ.

ಆದ್ದರಿಂದ ಇದನ್ನೂ ಪೂರ್ತಿ ನಂಬಬೇಡಿ. ನಾನು ಪುತ್ತೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವವಳು. ಮಂಟಪದ ಹಿಂದೆ ಮುಖ ಗಂಟಿಕ್ಕಿ ನಿಂತ ದೊಡ್ಡಪ್ಪನನ್ನು ತೆಗೆದು ಆ ಜಾಗದಲ್ಲಿ ಹೂವಿನ ಮಾಲೆ ಇಡುವುದು ನನ್ನ ಕಸುಬು. ಕೆಲವು ವರ್ಷ ಕಳೆದ ಮೇಲೆ ಆ ಮನೆಯವರೇ, ದೊಡ್ಡಪ್ಪ ಅಂದು ನಮ್ಮ ಜೊತೆ ನಗುತ್ತಲೇ ಇದ್ದರು ಎನ್ನುತ್ತಾರೆ. ನೆನಪು ಹೇಗೆ ಕೆಲಸ ಮಾಡುತ್ತದೆಂದು ನನಗೆ ಗೊತ್ತು. ಮಗು ಮನೆಗೆ ಬಂದು ಹೆಚ್ಚು ಕಾಲವಾಗಿಲ್ಲ. ನನ್ನ ತಲೆ ಇದನ್ನೂ ಚಂದ ಮಾಡಿಬಿಡುವ ಮೊದಲು ಬರೆದುಬಿಡಬೇಕು.

ಒಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಬೇರೆಯಾಗಿಲ್ಲ.

ಆ ಬೆಳಿಗ್ಗೆ ನಾವೆಲ್ಲ ಖುಷಿಯಲ್ಲಿದ್ದೆವು.

ಹೆರಿಗೆ ಪುತ್ತೂರಿನಲ್ಲಾಯಿತು. ನಾರ್ಮಲ್. ಗಂಡು ಮಗು. ಬಾಣಂತನಕ್ಕೆ ಕಡಬದ ಹತ್ತಿರದ ತವರುಮನೆಗೆ ಬಂದೆ. ಮಗುವನ್ನು ಮೀಯಿಸಲು ಕಮಲಕ್ಕ ಬರುತ್ತಿದ್ದರು. ಕೂಸಾಗಿದ್ದಾಗ ನನ್ನನ್ನು ಮೀಯಿಸಿದ್ದೂ ಅವರೇ. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಮೊದಲು ನೆತ್ತಿಗೆ ಎಣ್ಣೆ ತಟ್ಟುವುದು. ಆಗಷ್ಟೇ ಹುಟ್ಟಿದ ಮಗುವಿನ ನೆತ್ತಿಯಲ್ಲಿ ಮೂಳೆ ಕೂಡಿರುವುದಿಲ್ಲ. ಅಲ್ಲೊಂದು ಮೆತ್ತಗಿನ ಗುಳಿ, ಗಮನಿಸಿದರೆ ಮಿಡಿಯುವುದು ಕಾಣುತ್ತದೆ. ಆ ಗುಳಿಯನ್ನು ಎಣ್ಣೆ ಹಾಕಿ ಹಾಕಿ ತುಂಬಿಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಕಮಲಕ್ಕ ದಿನವೂ ಎಣ್ಣೆ ತಟ್ಟಿ, ಬೆರಳಿಟ್ಟು ನೋಡಿ, ಒಳಗಿದ್ದ ಅಮ್ಮನಿಗೆ ಕೇಳುವಂತೆ ಹೇಳುತ್ತಿದ್ದರು.

“ಇನ್ನೂ ತುಂಬ್ಲಿಲ್ಲ.”

ಅಮ್ಮನಿಗೆ ಅದು ತನ್ನ ಮೇಲಿನ ದೂರಿನಂತೆ ಕೇಳುತ್ತಿತ್ತು. “ನೀವು ಎಣ್ಣೆ ಉಳಿಸುದು ಎಂತಕ್ಕೆ ಕಮಲಕ್ಕ? ಮನೆಯದ್ದೇ ಎಣ್ಣೆ. ಧಾರಾಳ ಹಾಕಿ.”

“ಜಾನಕಿಯಕ್ಕ, ಇದು ಮಗುವಿನ ತಲೆ. ದೋಸೆ ಕಾವಲಿ ಅಲ್ಲ.”

ಎಲ್ಲರೂ ನಗುತ್ತಿದ್ದೆವು.

ಆಮೇಲೆ ಮಗು ಹೆಚ್ಚು ನಿದ್ದೆ ಮಾಡತೊಡಗಿತು. ಎಬ್ಬಿಸಿ ಹಾಲಿಗೆ ಹಿಡಿದರೆ ನಾಲ್ಕು ಸಲ ಚೀಪಿ ಮತ್ತೆ ಕಣ್ಣು ಮುಚ್ಚುತ್ತಿತ್ತು. ಅಳು ಇಲ್ಲ, ರಂಪ ಇಲ್ಲ. “ಎಂತ ಪಾಪದ ಮಗು ಇದು,” ಎಂದರು ಅಮ್ಮ. ಸುಳ್ಯದ ಆಚೆ ಆಲೆಟ್ಟಿಯಲ್ಲಿರುವ ಅತ್ತೆ ಫೋನಿನಲ್ಲಿ ವಿಷಯ ಕೇಳಿ, “ಯತೀಶ ಸಣ್ಣದಿರುವಾಗ ಊರಿಗೇ ನಿದ್ದೆ ಕೊಡ್ಲಿಲ್ಲ. ಇವನ ಗುಣ ನಿಮ್ಮ ಕಡೆದ್ದು,” ಎಂದರು. ಮದುವೆಯಾದ ಮೇಲೆ ಅತ್ತೆ ನಮ್ಮ ಕಡೆಯನ್ನು ಹೊಗಳಿದ್ದು ಅದೇ ಮೊದಲು. ನಮ್ಮ ಮನೆಗಳಲ್ಲಿ ಆಡುವುದು ಅರೆಭಾಷೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಆ ಹೊಗಳಿಕೆಯ ಚುರುಕು ಸ್ವಲ್ಪ ಕಡಿಮೆಯಾಗಿದೆ. ಅಂದಂತೂ ನನಗೆ ಹೆಮ್ಮೆಯಾಗಿತ್ತು. ಮಗುವಿನ ಪಕ್ಕ ನಾನೂ ಸುಖವಾಗಿ ಮಲಗಿದೆ.

ಆ ಬೆಳಿಗ್ಗೆ ಕಮಲಕ್ಕ ನೆತ್ತಿಗೆ ಬೆರಳಿಟ್ಟರು. ತೆಗೆದರು. ಮತ್ತೆ ಇಟ್ಟರು.

“ಜಾನಕಿಯಕ್ಕಾ, ಬನ್ನಿ ಬನ್ನಿ! ನೆತ್ತಿ ತುಂಬಿತು ಮಾರಾಯ್ರೆ!”

ಅಮ್ಮ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಓಡಿಬಂದರು. ನಾನೂ ಹೋಗಿ ನೋಡಿದೆ. ಗುಳಿ ಇರಲಿಲ್ಲ. ನೆತ್ತಿ ಎಣ್ಣೆಯಲ್ಲಿ ಹೊಳೆಯುತ್ತ, ನುಣ್ಣಗೆ, ಬಿಗಿಯಾಗಿ, ತುಸು ಮೇಲೆದ್ದು ಇತ್ತು. ಕಮಲಕ್ಕನ ಮುಖದಲ್ಲಿ ಕೆಲಸ ಮುಗಿಸಿದವರ ತೃಪ್ತಿ. ಅಮ್ಮ ಒಳಗೆ ಹೋಗಿ ಪಾಯಸಕ್ಕೆ ಹೆಸರುಬೇಳೆ ಹುರಿಯಲು ಇಟ್ಟರು.

ಇಲ್ಲೊಂದು ತಕರಾರಿದೆ. ಪಾಯಸ ಮಾಡಲೇ ಇಲ್ಲ ಎಂದು ಅಮ್ಮ ಈಗ ಹೇಳುತ್ತಾರೆ. “ನಿನಗೆ ಬಾಣಂತಿ ತಲೆ. ಎಂತೆಂತದೋ ಕಾಣುದು.” ಬೇಳೆ ಹುರಿಯುವ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಆದರೆ ವಾಸನೆಗೆ ಸಾಕ್ಷಿ ಎಲ್ಲಿಂದ ತರಲಿ?

ನೀರು ಹೊಯ್ಯುವಾಗ ಮಗು ಕಾಲುಗಳನ್ನು ಒಂದಾದ ಮೇಲೊಂದು ಆಡಿಸಿತು. ಒಂದೇ ಲಯದಲ್ಲಿ.

“ನೋಡಿ, ಸೈಕಲ್ ತುಳಿತಾನೆ,” ಎಂದರು ಕಮಲಕ್ಕ. “ಈಗಲೇ ಶಾಲೆಗೆ ಹೊರಟ.”

ಅದು ಫಿಟ್ಸ್ ಆಗಿತ್ತು. ಎಳೆಗೂಸುಗಳಲ್ಲಿ ಫಿಟ್ಸ್ ಆ ರೀತಿಯಲ್ಲೂ ಬರುತ್ತದಂತೆ. ನಾವು ನಕ್ಕೆವು.

ಮೀಯಿಸಿ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟ ಮೇಲೆ ಅಳು ಶುರುವಾಯಿತು. ತೆಳ್ಳಗೆ, ಕೀರಲಾಗಿ, ಒಂದೇ ಎತ್ತರದಲ್ಲಿ. ಎತ್ತಿಕೊಂಡರೆ ಹೆಚ್ಚಾಯಿತು. ಹಾಲು ಬಾಯಿಯ ಬದಿಯಿಂದ ಹೊರಗೆ ಹರಿಯಿತು. ಬೆನ್ನು ಹಿಂದಕ್ಕೆ ಬಾಗಿತು. ಪಕ್ಕದ ಮನೆಯವರು ತಮ್ಮ ಓಮ್ನಿ ವ್ಯಾನು ತೆಗೆದರು. ಕಡಬದ ಡಾಕ್ಟರು ಮಗುವನ್ನು ನೋಡಿದವರು ಕುರ್ಚಿಯಲ್ಲಿ ಕೂರಲೂ ಇಲ್ಲ. ಪುತ್ತೂರಿಗೆ ಹೋಗಿ, ನಾನು ಫೋನ್ ಮಾಡ್ತೇನೆ, ಎಂದರು. ಶಾಂತಿಮೊಗರು ಸೇತುವೆ ದಾಟುವಾಗ ಅಮ್ಮ ಕಿಟಕಿಯಿಂದ ಹೊಳೆಗೆ ಕೈ ಮುಗಿದದ್ದು ನೆನಪಿದೆ. ಮಗು ಉಸಿರಾಡುತ್ತಿದ್ದದ್ದು ನೆನಪಿಲ್ಲ. ಉಸಿರಾಡಿರಲೇಬೇಕು.

ಕ್ಯಾಶುವಾಲಿಟಿಗೆ ಬಂದ ಮಕ್ಕಳ ಡಾಕ್ಟರು ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರಿರಬಹುದು. ಮಗುವಿನ ಟೋಪಿ ತೆಗೆದು ನೆತ್ತಿಗೆ ಬೆರಳಿಟ್ಟರು. ಕಮಲಕ್ಕ ಇಟ್ಟ ಜಾಗದಲ್ಲೇ.

“ಇದು ಯಾವಾಗಿಂದ ಹೀಗೆ?”

ಅಮ್ಮ ನನ್ನನ್ನು ಸರಿಸಿ ಮುಂದೆ ಬಂದರು. “ಇವತ್ತು ಬೆಳಿಗ್ಗೆ ತುಂಬಿತು ಡಾಕ್ಟ್ರೇ. ನಾವು ಎಣ್ಣೆ ಹಾಕುದು ಒಂದು ದಿನ ಕೂಡ ತಪ್ಪಿಸ್ಲಿಲ್ಲ.”

ಡಾಕ್ಟರು ಅಮ್ಮನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ಇದು ತುಂಬಿದ್ದಲ್ಲ ಅಮ್ಮ. ಒಳಗಿಂದ ಒತ್ತುತ್ತಾ ಉಂಟು.”

ಮೆದುಳಿನ ಪೊರೆಗೆ ಸೋಂಕು, ಮೆನಿಂಜೈಟಿಸ್ ಇರಬಹುದು ಎಂದರು. ಖಚಿತವಾಗಬೇಕಾದರೆ ಬೆನ್ನುಮೂಳೆಯ ನಡುವೆ ಸೂಜಿ ಹಾಕಿ ನೀರು ತೆಗೆಯಬೇಕು. ಸಹಿ ಮಾಡಲು ಯತೀಶ ಪೆನ್ನು ಹಿಡಿದಾಗಲೇ ಅವರ ಸೋದರಮಾವನ ಫೋನ್. “ಬೆನ್ನಿಗೆ ಸೂಜಿ ಹಾಕ್ಲಿಕ್ಕೆ ಬಿಡ್ಬೇಡ ಮಾರಾಯ. ಮತ್ತೆ ನಡಿಲಿಕ್ಕೆ ಆಗುದಿಲ್ಲ.” ಯತೀಶ ಪೆನ್ನು ಹಿಡಿದೇ ನನ್ನತ್ತ ನೋಡಿದರು. ನಾನು ಪೆನ್ನು ಕಿತ್ತುಕೊಂಡು ಸಹಿ ಹಾಕಿದೆ. ಅದು ಧೈರ್ಯ ಅಲ್ಲ. ಸಿಟ್ಟು. ಇಡೀ ಊರೇ ಆ ಮಗುವಿನ ವಿಷಯದಲ್ಲಿ ತಿಳಿದವರ ಹಾಗೆ ಮಾತಾಡುತ್ತಿತ್ತು, ಯಾರಿಗೂ ಏನೂ ತಿಳಿದಿರಲಿಲ್ಲ. ನನಗೂ.

ಬೆನ್ನಿಂದ ತಿಳಿ ನೀರಿನಂತೆ ಬರಬೇಕಾದದ್ದು ಗಂಜಿತಿಳಿಯ ಹಾಗೆ ಬಂದಿತ್ತು.

ಎನ್‌ಐಸಿಯು ಒಳಗೆ ನನ್ನ ಮಗುವಿಗೆ ಹೆಸರಿರಲಿಲ್ಲ. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ ಬೇಬಿ ಆಫ್ ಚೈತ್ರಾ ಎಂದಿತ್ತು. ನಾನು ಹಾಲು ಹಿಂಡಿ ಸಣ್ಣ ಬಟ್ಟಲಲ್ಲಿ ಕೊಡಬೇಕು, ಅವರು ಟ್ಯೂಬಿನಲ್ಲಿ ಹಾಕುತ್ತಾರೆ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ಬಿಸಿನೀರು ಮಿಂದು, ಕರಿಮೆಣಸಿನ ಸಾರು ಉಂಡು ಮಲಗಿರಬೇಕಾದ ಮೈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿತ್ತು. ಹೆರಿಗೆಯ ಹೊಲಿಗೆ ಎಳೆಯುತ್ತಿತ್ತು. ಯಾರಿಗೆ ಹೇಳುವುದು? ಎದುರಿಗೆ ಗಾಜು. ಗಾಜಿನಾಚೆ ಅಷ್ಟೂ ವೈರು ಹಚ್ಚಿಸಿಕೊಂಡು ಮಲಗಿದವನು ದೂರು ಹೇಳುತ್ತಿರಲಿಲ್ಲ.

ಜ್ವರ ಇಳಿಯಲಿಲ್ಲ. ಆಂಟಿಬಯೋಟಿಕ್ ಬದಲಾಯಿಸಿದರು. ಇಳಿಯಲಿಲ್ಲ.

“ಮಗುವಿಗೆ ಹೇಗುಂಟು ಡಾಕ್ಟ್ರೇ?”

“ನೋಡುವ.”

“ಬದುಕುತ್ತದಾ?”

“ನೋಡುವ ಚೈತ್ರಾ. ಕಲ್ಚರ್ ರಿಪೋರ್ಟ್ ಬರ್ಲಿ.”

ನೋಡುವ. ಕೆಲಸ ಯಾವಾಗ ಮುಗಿಯುತ್ತದೆ ಎಂದರೆ ನಮ್ಮ ಕಡೆ ಮನೆಗೆ ಬಣ್ಣ ಬಳಿಯುವವರು ಹೇಳುವುದೂ ಅದನ್ನೇ. ಆ ಒಂದು ಪದದ ಮೇಲೆ ನನಗೆ ಹುಟ್ಟಿದ ದ್ವೇಷ ಇನ್ನೂ ಪೂರ್ತಿ ಹೋಗಿಲ್ಲ. ಅವರು ಪ್ರಾಮಾಣಿಕರಾಗಿದ್ದರು, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ ಎಂದು ಈಗ ಅನಿಸುತ್ತದೆ. ಅಂದು ಹಾಗೆ ಅನಿಸಲಿಲ್ಲ. ಅಂದು ನನಗೆ ಸುಳ್ಳಾದರೂ ಸಾಕಿತ್ತು.

ರಿಪೋರ್ಟ್ ಬಂತು. ಎಲಿಜಬೆತ್‌ಕಿಂಗಿಯಾ ಎಂಬ ಬ್ಯಾಕ್ಟೀರಿಯಾ. ಬಹಳ ಅಪರೂಪ, ನಾನು ಓದುವಾಗ ಪುಸ್ತಕದಲ್ಲಿ ಕಂಡದ್ದು ಬಿಟ್ಟರೆ ಇದೇ ಮೊದಲು ಎಂದರು ಡಾಕ್ಟರು. ಸಾಮಾನ್ಯವಾಗಿ ಕೊಡುವ ಮದ್ದುಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ. ಅದಕ್ಕೇ ಜ್ವರ ಇಳಿಯಲಿಲ್ಲ. ಹೊರಗೆ ಬಂದು ಹೇಳಿದೆ. ಆಲೆಟ್ಟಿಯಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದ ಅತ್ತೆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

“ಅದೆಂತ, ರಾಣಿಯ ಹೆಸರಾ? ಅಷ್ಟು ದೊಡ್ಡವಳಿಗೆ ನಮ್ಮ ಕೂಸೇ ಬೇಕಿತ್ತಾ?”

ನಗು ಬಂತು. ಗಾಜಿನ ಬಾಗಿಲ ಮುಂದೆ ನಾನೂ ಅತ್ತೆಯೂ ಬಾಯಿಗೆ ಸೆರಗು, ಶಾಲು ಒತ್ತಿಕೊಂಡು ನಕ್ಕೆವು. ಸೆಕ್ಯೂರಿಟಿಯವನು ಅಳುತ್ತಿದ್ದೇವೆಂದು ತಿಳಿದು ನೀರು ತಂದುಕೊಟ್ಟ. ಕುಡಿಯುವಾಗ ಅಳುತ್ತಲೇ ಇದ್ದೆವು.

ವ್ಯಾಂಕೋಮೈಸಿನ್, ರಿಫಾಂಪಿಸಿನ್ ಎಂಬ ಬೇರೆ ಮದ್ದು ಶುರು ಮಾಡಿದರು. ಮಗುವಿನ ಡೈಪರಿನಲ್ಲಿ ಕಿತ್ತಳೆ ಬಣ್ಣ ನೋಡಿ ಅಮ್ಮ ರಕ್ತ ಎಂದು ಕೂಗಿದರು. ಮದ್ದಿನ ಬಣ್ಣ, ಹೆದರ್ಬೇಡಿ ಎಂದರು ನರ್ಸ್. ಆಮೇಲೆ ಆ ಬಣ್ಣ ಕಂಡರೆ ನಮಗೆ ಸಮಾಧಾನ. ಮದ್ದು ಒಳಗೆ ಹೋಗಿ ಹೊರಗೆ ಬರುತ್ತಿದೆ ಎಂದು ಕಣ್ಣಿಗೆ ಕಾಣುವ ಪುರಾವೆ ಅದೊಂದೇ.

ಎಲ್ಲಿಂದ ಬಂತು?

ನೀರಿನಲ್ಲಿರುತ್ತದೆ, ಮಣ್ಣಿನಲ್ಲಿರುತ್ತದೆ, ಆಸ್ಪತ್ರೆಗಳ ಸಿಂಕಿನಲ್ಲೂ ಇರುತ್ತದೆ ಎಂದರು ಡಾಕ್ಟರು. ನಿಮ್ಮ ಮಗುವಿಗೆ ಎಲ್ಲಿಂದ ಎಂದು ಹೇಳುವುದು ಕಷ್ಟ. ಆ ವಾಕ್ಯವನ್ನು ನಮ್ಮ ಕುಟುಂಬದ ನಡುವೆ ಇಟ್ಟು ಅವರು ರೌಂಡ್ಸಿಗೆ ಹೋದರು.

ಅತ್ತೆ ಊಟ ಬಡಿಸುತ್ತ ಹೇಳಿದರು, “ಆಲೆಟ್ಟಿಯಲ್ಲೇ ಬಾಣಂತನ ಮಾಡಿದ್ರೆ ಇದೆಲ್ಲ ಬರ್ತಿರ್ಲಿಲ್ಲ. ನಮ್ಮದು ಬಾವಿ ನೀರು.”

“ನಮ್ಮದೇನು ಚರಂಡಿ ನೀರಾ?” ಎಂದರು ಅಮ್ಮ. “ಹೆರಿಗೆ ಆಸ್ಪತ್ರೆಯಿಂದಲೇ ಬಂದದ್ದು.”

ಯತೀಶ ಕಡಬಕ್ಕೆ ಹೋಗಿ ತವರಿನ ಟ್ಯಾಂಕಿನ ನೀರು, ಬಚ್ಚಲಿನ ನೀರು, ಹಂಡೆಯ ನೀರು ಬಾಟಲಿಗಳಲ್ಲಿ ತುಂಬಿಸಿಕೊಂಡು ಲ್ಯಾಬಿಗೆ ಓಡಾಡಿದರು. ಕುಡಿಯಲು ಯೋಗ್ಯವೋ ಅಲ್ಲವೋ ಎಂದಷ್ಟೇ ನಾವು ಹೇಳುವುದು, ನೀವು ಕೇಳುವ ಹೆಸರು ನಮ್ಮಲ್ಲಿ ನೋಡುವುದಿಲ್ಲ ಎಂದರಂತೆ. ಕುಡಿಯಲು ಯೋಗ್ಯ ಎಂಬ ವರದಿ ಹಿಡಿದು ಬಂದರು. ಆ ಬಾಟಲಿಗಳು ಬಹಳ ಕಾಲ ಕಾರಿನ ಸೀಟಿನಲ್ಲಿ ಉರುಳಾಡುತ್ತಿದ್ದವು. ಚೆಲ್ಲಿ ಎಂದರೆ ಚೆಲ್ಲುತ್ತಿರಲಿಲ್ಲ.

ಉತ್ತರ ಸಿಗದಿದ್ದಾಗ ಸುಲಭಕ್ಕೆ ಸಿಗುವವರು ಯಾರಾದರೂ ಬೇಕು. ಕಮಲಕ್ಕ ಸಿಕ್ಕರು. ಅವರ ಎಣ್ಣೆಯಿಂದ ಎಂದರು ಕೆಲವರು. ನೆತ್ತಿ ಒತ್ತಿದ್ದರಿಂದ ಎಂದರು ಕೆಲವರು. ಹೆರಿಗೆ ಹತ್ತಿರವಿದ್ದ ಮೇಲಿನ ಮನೆಯವರು ಮಗುವನ್ನು ಮೀಯಿಸಲು ಬೇರೆಯವರನ್ನು ಗೊತ್ತು ಮಾಡಿಕೊಂಡರು. ಎಣ್ಣೆಯಿಂದ ಬಂದದ್ದಾ ಎಂದು ನಾನು ಡಾಕ್ಟರನ್ನು ನೇರ ಕೇಳಿದೆ. ಹಾಗೆ ಹೇಳಲು ಆಧಾರ ಇಲ್ಲ ಎಂದರು. ಅಮ್ಮನಿಗೆ ಅದನ್ನು ದಾಟಿಸಿದೆ. ಅಮ್ಮ ಕೇಳಿಸದವರ ಹಾಗೆ ಟಿಫಿನ್ ಡಬ್ಬಿ ಒರೆಸಿದರು. ಕಮಲಕ್ಕನ ತಪ್ಪಲ್ಲ ಎಂದರೆ ಆ ಬೆಳಗಿನ ಸಂತೋಷಕ್ಕೆ ಪಾಲುದಾರರು ಯಾರು ಎಂಬ ಪ್ರಶ್ನೆ ಮನೆಯೊಳಗೇ ಉಳಿಯುತ್ತದಲ್ಲ.

ಒಂದು ಬೆಳಿಗ್ಗೆ ನೆತ್ತಿಯ ಮೂಲಕ ಸ್ಕ್ಯಾನ್ ಮಾಡುವಾಗ ಡಾಕ್ಟರು ನನ್ನನ್ನು ಒಳಗೆ ಕರೆದರು. ನೆತ್ತಿಗೆ ಜೆಲ್ಲಿ ಹಚ್ಚಿ ಸಣ್ಣ ಪ್ರೋಬ್ ಇಟ್ಟರು. ಪರದೆಯ ಮೇಲೆ ಬೂದು ಬಣ್ಣದ ಮಡಿಕೆಗಳು. ಅದು ಅವನ ಮೆದುಳು.

“ಇಲ್ಲಿ ಮೂಳೆ ಇಲ್ಲದ ಕಾರಣ ಒಳಗೆ ನೋಡ್ಲಿಕ್ಕೆ ಆಗುದು. ಇದು ನಮಗೆ ಕಿಟಕಿ,” ಎಂದರು.

ಕಿಟಕಿ. ನಾವು ದಿನವೂ ಎಣ್ಣೆ ತಟ್ಟಿ ಮುಚ್ಚಲು ಹೊರಟಿದ್ದದ್ದು.

ಮೆದುಳಿನೊಳಗೆ ನೀರು ತುಂಬಿಕೊಳ್ಳುವ ಜಾಗಗಳು ಸ್ವಲ್ಪ ದೊಡ್ಡವಾಗಿವೆ, ಹೆಚ್ಚಾದರೆ ಆಪರೇಷನ್ ಬೇಕಾಗಬಹುದು ಎಂದರು. ಇನ್ನೊಂದು ವಿಷಯವನ್ನೂ ಹೇಳಿದರು. ಈ ಕಾಯಿಲೆ ಬದುಕಿಸಿದರೂ ಕಿವಿಯನ್ನು ತೆಗೆದುಕೊಂಡು ಹೋಗುವುದುಂಟು.

ಆ ಕ್ಷಣದಿಂದ ನನ್ನ ಪ್ರಶ್ನೆ ಬದಲಾಯಿತು. ಬದುಕುತ್ತದಾ ಎಂದು ಕೇಳುವುದನ್ನು ಬಿಟ್ಟೆ. ಕಿವಿ ಕೇಳುತ್ತದಾ ಎಂದು ಕೇಳತೊಡಗಿದೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿರಲಿಲ್ಲ, ಆದರೂ ಎರಡನೆಯದಕ್ಕೆ ಹಾರಿದೆ. ಇಷ್ಟು ದುರಾಸೆ ನನ್ನೊಳಗೆ ಇತ್ತೆಂದು ಗೊತ್ತಿರಲಿಲ್ಲ. ಒಳಗೆ ಬಿಟ್ಟಾಗಲೆಲ್ಲ ಅವನ ಕಿವಿಯ ಹತ್ತಿರ ಬಗ್ಗಿ ಏನಾದರೂ ಹೇಳುತ್ತಿದ್ದೆ. ಆಲ್ಬಂ ಗಿರಾಕಿಗಳ ಜಗಳ, ಅತ್ತೆಯ ರಾಣಿ ಜೋಕು. ಮಾನಿಟರಿನ ಅಂಕಿ ಸ್ವಲ್ಪ ಏರಿದರೆ ಕೇಳಿಸಿತು ಎಂದುಕೊಳ್ಳುತ್ತಿದ್ದೆ. ಅಂಕಿ ಸುಮ್ಮನೆಯೂ ಏರುತ್ತಿತ್ತು.

ಜ್ವರ ನಿಂತದ್ದು ಯಾವಾಗ ಎಂದು ನನಗೆ ಸರಿಯಾಗಿ ನೆನಪಿಲ್ಲ. ಕೆಟ್ಟದ್ದರ ಶುರು ಎಲ್ಲರಿಗೂ ಗೊತ್ತು. ಒಳ್ಳೆಯದು ಹೇಳಿಕೇಳಿ ಬರಲಿಲ್ಲ. ಒಂದು ಮಧ್ಯಾಹ್ನ ಮಗು ಟ್ಯೂಬು ಬಿಟ್ಟು ನನ್ನಿಂದಲೇ ಹಾಲು ಕುಡಿಯಿತು, ಬಿಟ್ಟು ಬಿಟ್ಟು, ಬೈದುಕೊಂಡ ಹಾಗೆ ಮುಖ ಮಾಡಿ. ಆಪರೇಷನ್ ಬೇಕಾಗಲಿಲ್ಲ. “ಈಗಿನ ಮಟ್ಟಿಗೆ,” ಎಂದರು ಡಾಕ್ಟರು. ಅವರ ಶಬ್ದಕೋಶದಲ್ಲಿ ಅದು ‘ನೋಡುವ’ಕ್ಕಿಂತ ಒಂದು ಮೆಟ್ಟಿಲು ಮೇಲೆ.

ಡಿಸ್ಚಾರ್ಜ್ ಆದ ಮೇಲೆ ಬೆರಾ ಟೆಸ್ಟ್. ಕಿವಿಗೆ ಶಬ್ದ ಬಿಟ್ಟು ಮೆದುಳು ಪ್ರತಿಕ್ರಿಯಿಸುತ್ತದೆಯೇ ಎಂದು ನೋಡುವುದು. ಮಗು ನಿದ್ದೆಯಲ್ಲಿರಬೇಕು. ತಿಂಗಳುಗಟ್ಟಲೆ ಎಚ್ಚರವಾಗಲಿ ಎಂದು ಹರಕೆ ಹೊತ್ತವರು ಅಂದು ಅವನು ಮಲಗಲಿ ಎಂದು ತಟ್ಟುತ್ತ ಕೂತೆವು. ಮದ್ದು ಕುಡಿಸಿದ ಮೇಲೆ ಮಲಗಿದ. ಗೆರೆಗಳು ಬಂದವು. ಬಲಗಿವಿಗೆ ಪ್ರತಿಕ್ರಿಯೆ ಇದೆ. ಎಡಗಿವಿಗೆ ಇಲ್ಲ. ಸ್ವಲ್ಪ ದೊಡ್ಡವನಾದ ಮೇಲೆ ಇನ್ನೊಮ್ಮೆ ಮಾಡಬೇಕು.

ಒಂದು ಕಿವಿ.

ಯತೀಶ ಕಾರಿಡಾರಿನಲ್ಲಿ ನಿಂತು ಎಲ್ಲರಿಗೂ ಫೋನ್ ಮಾಡಿ, “ಕೇಳ್ತದೆ, ಕೇಳ್ತದೆ,” ಎಂದರು. ಎಡಗಿವಿಯ ವಿಷಯ ಹೇಳಲಿಲ್ಲ. ನಾನೂ ತಿದ್ದಲಿಲ್ಲ. ಆಲ್ಬಂ ಆಗಲೇ ಶುರುವಾಗಿತ್ತು.

ಮನೆಗೆ ಬಂದ ಮೇಲೆ ಕಮಲಕ್ಕನಿಗೆ ಹೇಳಿಕಳಿಸಿದೆ. ಬಂದರು. ಅಂಗಳದಿಂದ ಮೇಲೆ ಹತ್ತಲಿಲ್ಲ. ತೆಳ್ಳಗಾಗಿದ್ದರು, ಅಥವಾ ನನಗೆ ಹಾಗೆ ಕಂಡಿತು.

“ಬನ್ನಿ ಒಳಗೆ. ಅಲ್ಲೇ ನಿಂತದ್ದು ಎಂತಕ್ಕೆ?”

“ಇಲ್ಲಿಂದಲೇ ನೋಡ್ತೇನೆ. ನಾನು ಮುಟ್ಟುದಿಲ್ಲ ಮಾರಾಯ್ತಿ. ಜನ ಎಂತೆಂತ ಹೇಳ್ತಾ ಇದ್ದಾರೆ.”

ಮಗುವನ್ನು ಎತ್ತಿಕೊಂಡು ನಾನೇ ಕೆಳಗಿಳಿದೆ. ಅವರ ಕೈ ಹಿಡಿದು, ಬೆರಳನ್ನು ಮಗುವಿನ ನೆತ್ತಿಯ ಮೇಲೆ ಇಟ್ಟೆ. ಕೈ ಹಿಂದಕ್ಕೆ ಎಳೆದರು. ನಾನು ಬಿಡಲಿಲ್ಲ.

“ಹೇಳಿ. ಎಂತ ಉಂಟು?”

ಅವರು ಕಣ್ಣು ಮುಚ್ಚಿದರು. “ಹೊಡ್ಕೊಳ್ತಾ ಉಂಟು. ಮೆತ್ತಗೆ.”

“ತುಂಬಿದೆಯಾ?”

“ಇಲ್ಲ. ಇನ್ನೂ ತುಂಬ್ಲಿಲ್ಲ.”

ಆ ಮಾತಿಗೆ ಮಗು ಬೆರಳು ಚೀಪುವುದನ್ನು ನಿಲ್ಲಿಸಿತು. ಕಮಲಕ್ಕ ನಿಂತದ್ದು ಅವನ ಬಲಗಡೆ. ಕೇಳಿಸಿಕೊಂಡ ಹಾಗಿತ್ತು. ನನಗೆ ಹಾಗೆ ಕಾಣಬೇಕಿತ್ತು, ಕಂಡಿತು. ಇದಕ್ಕಿಂತ ಹೆಚ್ಚಿಗೆ ನಾನು ಆಣೆ ಮಾಡಲಾರೆ. ಮುಂದಿನ ಟೆಸ್ಟ್ ಏನು ಹೇಳುತ್ತದೋ ಗೊತ್ತಿಲ್ಲ. ತಲೆಯಲ್ಲಿ ನೀರು ಹೆಚ್ಚಿದೆಯೇ ಎಂದು ಪ್ರತಿ ಸಲ ಟೇಪು ಹಿಡಿದು ಅಳೆಯುವಾಗ ಅಂಕಿಯನ್ನು ನಾನೇ ಮೊದಲು ಬಗ್ಗಿ ಓದುತ್ತೇನೆ. ಸಿಟ್ಟು ಹಾಗೇ ಇದೆ, ಅದಕ್ಕೊಂದು ವಿಳಾಸ ಇಲ್ಲ ಅಷ್ಟೆ. ಆದರೆ ನೆತ್ತಿಯಲ್ಲಿ ಗುಳಿ ಇದೆ. ಅದು ಮಿಡಿಯುತ್ತದೆ. ಅಷ್ಟಕ್ಕೆ ನಾನು ಋಣಿ, ಯಾರಿಗೆ ಎಂದು ಕೇಳಬೇಡಿ.

ಅಮ್ಮ ಬಾಗಿಲಲ್ಲಿ ನಿಂತಿದ್ದದ್ದು ಆಗ ಗೊತ್ತಾಯಿತು.

“ಪಾಯಸ ಹೆಸರುಬೇಳೆದ್ದೇ,” ಎಂದರು, ನಮ್ಮಿಬ್ಬರನ್ನೂ ನೋಡದೆ. “ಅವತ್ತು ಬೆಲ್ಲ ಹಾಕಿ ಆಗಿತ್ತು. ಬಾಳೆಬುಡಕ್ಕೆ ಸುರಿದು ಬಂದೆ.”

“ಎಂತದು ಜಾನಕಿಯಕ್ಕ?” ಎಂದರು ಕಮಲಕ್ಕ.

“ಎಂತ ಇಲ್ಲ. ಬನ್ನಿ ಮೇಲೆ. ಚಾ ಮಾಡ್ತೇನೆ.”

ನಾನು ಕೈ ಬಿಟ್ಟು ಆಗಲೇ ಹೊತ್ತಾಗಿತ್ತು. ಕಮಲಕ್ಕ ಬೆರಳು ತೆಗೆದಿರಲಿಲ್ಲ.